ನಕ್ಷತ್ರವಿಲ್ಲದ ಹೆಸರು

ಗೋರ್ನೊ ಲಿಸ್ಕೋವೊ
೨೭ ಮೇ ೧೯೭೯

ಕೊಜ್ಮಾ,

ಇಲ್ಲಿ ನಾವು ಕ್ಷೇಮವಾಗಿಲ್ಲ. ನಿನ್ನ ಕ್ಷೇಮ ಕೇಳುವ ಮನಸ್ಸೂ ನನಗಿಲ್ಲ.

ಮೊನ್ನೆ ಅಕ್ಷರದ ಹಬ್ಬ. ಪ್ರತಿ ವರ್ಷ ನಮಗೆ ಅಕ್ಷರ ಕೊಟ್ಟ ಸಂತರಿಬ್ಬರ ಪಟಕ್ಕೆ ಹೂವು ಹಾಕಿ ಮುಗಿಸುತ್ತಿದ್ದರು. ಈ ಸಲ ಓದುಮನೆಯಲ್ಲಿ ನಿನ್ನ ಪಟವನ್ನೂ ಇಟ್ಟಿದ್ದರು, ಕನ್ನಡಕ ಹಾಕಿಕೊಂಡಿರುವುದು. ನಿಮ್ಮ ದೊಡ್ಡ ನಿಘಂಟಿನ ಮೊದಲ ಸಂಪುಟ ಬಂದಿದೆ, ಅದನ್ನು ಬರೆದವರಲ್ಲಿ ನಮ್ಮೂರಿನ ಹುಡುಗನಿದ್ದಾನೆ ಎಂದು ಸಂಭ್ರಮ. ಕಾರ್ಯದರ್ಶಿ ದಿಮ್ಕೊ ಬಾಗಿಲಿಗೇ ಬಂದು, "ಪ್ರೊಫೆಸರ್ ಅಕ್ಕ ಹಿಂದೆ ಕೂರೋದಾ? ಬನ್ನಿ ಬನ್ನಿ" ಎಂದು ಮುಂದಿನ ಸಾಲಿನಲ್ಲಿ ಕೈಯಿರುವ ಕುರ್ಚಿ ಕೊಟ್ಟ. ಎದೆಗೆ ಕೆಂಪು ಹೂವು ಚುಚ್ಚಿದ. ನಾನು ಮಹಾರಾಣಿಯ ಹಾಗೆ ಕೂತೆ.

ಆಮೇಲೆ ದಿಮ್ಕೊ ನಮ್ಮೂರಿನ ಹೆಸರು ಬಂದಿರುವ ಪುಟ ತೆಗೆದು ಗಟ್ಟಿಯಾಗಿ ಓದಿದ. "ಬ್ಲಾಗ್: ಸಿಹಿಯಾದ. ಸಿಹಿ ರಾಕಿಯಾ: ಮೊದಲ ರಾತ್ರಿಯ ಮಾರನೇ ದಿನ, ಮದುಮಗಳು ಕನ್ಯೆಯಾಗಿದ್ದಳೆಂದು ಸಾರಲು, ಗಂಡಿನ ಮನೆಯವರು ಜೇನು ಹಾಕಿ ಕಾಯಿಸಿ ಹೆಣ್ಣಿನ ತಾಯಿಗೆ ಕಳಿಸುವ ಹಣ್ಣಿನ ಸಾರಾಯಿ." ಅಲ್ಲಿಗೆ ನಿಲ್ಲಿಸಬಹುದಿತ್ತು. ಅವನಿಗೆ ಉಸಿರು ಜಾಸ್ತಿ. ಮುಂದಿನ ಸಾಲನ್ನೂ ಓದಿದ. "ಉದಾಹರಣೆ, ಗೋರ್ನೊ ಲಿಸ್ಕೋವೊ, ೧೯೫೬. ಲೋಜಾನಂಗೆ ಸಿಹಿ ರಾಕಿಯಾ ಬರ್ಲಿಲ್ಲ."

ಈ ಊರಿನಲ್ಲಿ ಇನ್ನೆಷ್ಟು ಲೋಜಾನರಿದ್ದಾರೆ, ಹೇಳು. ನಾನೊಬ್ಬಳೇ. ಓದಿದ ಮೇಲೆ ದಿಮ್ಕೊಗೂ ಹೊಳೆಯಿತು. ಅವನ ಕಿವಿ ನನ್ನ ಎದೆಯ ಹೂವಿಗಿಂತ ಕೆಂಪಾಯಿತು. ಹಿಂದೆ ಯಾರೋ ಕೆಮ್ಮಿದರು. ಮೂಲೆಯಲ್ಲಿ ಯಾವುದೋ ಹುಡುಗಿ ಕಿಸಕ್ಕೆಂದಳು. ನನ್ನ ಮದುವೆಯಾಗಿ ನಲವತ್ತೊಂದು ವರ್ಷವಾಯಿತು. ಅದನ್ನು ಕಂಡವರಲ್ಲಿ ಅರ್ಧ ಜನ ಸತ್ತಿದ್ದರು, ಇನ್ನರ್ಧ ಜನ ಮರೆತಿದ್ದರು. ನೀನು ಅಚ್ಚು ಹಾಕಿ ಎಬ್ಬಿಸಿ ಕೂರಿಸಿದೆ.

ಊರಿಗೆ ಉಪಕಾರಿ, ಮನೆಗೆ ಮಾರಿ. ಈ ಗಾದೆಗೆ ಉದಾಹರಣೆ ಬೇಕಿದ್ದರೆ ನಿನ್ನ ಹೆಸರು ಹಾಕಿಕೋ.

ಆ ಸಾಲನ್ನು ತೆಗೆಸು. ನಿನಗೆ ಆ ಮಾತು ಹೇಳಿದವರು ಯಾರು ಎಂದೂ ಬರೆ.

ಲೋಜಾನ

*

ಸೋಫಿಯಾ
೯ ಜೂನ್ ೧೯೭೯

ಪ್ರೀತಿಯ ಅಕ್ಕಾ,

ನಿನ್ನ ಕಾಗದ ಓದಿ ನೊಂದುಕೊಂಡೆ. ಆದರೆ ನೀನು ತಪ್ಪು ತಿಳಿದಿದ್ದೀಯ. ಆ ಪುಟ ಇರುವುದು ನಿನ್ನ ಬಗ್ಗೆ ಅಲ್ಲ, ಒಂದು ಗುಣವಾಚಕದ ಬಗ್ಗೆ.

ಸ್ಲಾವ್ ಜನರೆಲ್ಲ ಇನ್ನೂ ಒಂದೇ ಮಾತು ಆಡುತ್ತಿದ್ದ ಕಾಲದಲ್ಲಿ 'ಬೊಲ್ಗು' ಎಂಬ ಪದವಿತ್ತು. ಒಳ್ಳೆಯದು ಎಂದು ಅರ್ಥ. ಇತ್ತು ಎಂದು ನಾವು ಹೇಳುತ್ತೇವೆ ಅಷ್ಟೆ. ಅದನ್ನು ಕಿವಿಯಾರೆ ಕೇಳಿದವರು ಯಾರೂ ಇಲ್ಲ, ಯಾವ ಕಲ್ಲಿನ ಮೇಲೂ ಅದನ್ನು ಕೆತ್ತಿಲ್ಲ. ಮಕ್ಕಳ ಮುಖಗಳನ್ನು ನೋಡಿ, ಸತ್ತ ತಾಯಿಯ ಮುಖ ಹೀಗಿದ್ದಿರಬೇಕು ಎಂದು ಬರೆಯುವ ಕೆಲಸ ನಮ್ಮದು. ಅದಕ್ಕೇ ಅಂಥ ಪದದ ತಲೆಗೆ ಒಂದು ನಕ್ಷತ್ರ ಹಾಕುತ್ತೇವೆ, ಇದು ಊಹೆ ಎಂದು ತಿಳಿಯಲಿ ಅಂತ. ಅದಕ್ಕೂ ಹಿಂದಿನ ಮೂಲ ಇತ್ಯರ್ಥವಾಗಿಲ್ಲ. ಕೆಲವರು 'ಹೊಳೆಯುವುದು' ಎಂಬ ಧಾತುವಿಗೆ ಗಂಟು ಹಾಕುತ್ತಾರೆ, ಕೆಲವರು ಹಳೆಯ ಇರಾನಿನವರು ಪೂಜೆಯ ವಿಧಿಗೆ ಹೇಳುತ್ತಿದ್ದ ಮಾತಿಗೆ.

ಮಕ್ಕಳು ಮಾತ್ರ ಬೇಕಾದಷ್ಟು. ಸೆರ್ಬಿಯಾದಲ್ಲಿ ಬ್ಲಾಗ್ ಎಂದರೆ ಸೌಮ್ಯ. ಅಲ್ಲೇ ಬ್ಲಾಗೊ ಎಂದರೆ ನಿಧಿ, ಕ್ರೊಯೇಷಿಯಾದ ಕರಾವಳಿಗೆ ಹೋದರೆ ಅದೇ ದನಕರು. ಚೆಕ್ಕರಲ್ಲಿ ಆನಂದ. ನಮ್ಮ ಕಡೆ ಅದು ನಾಲಿಗೆಗೆ ಇಳಿದು ಸಿಹಿಯಾಯಿತು. ಹಾಗೆ ಇಳಿದದ್ದಕ್ಕೆ ಪುರಾವೆ ಎಂದರೆ ಜನ ಆಡಿದ ವಾಕ್ಯ. ನಮ್ಮ ಸಂಪಾದಕ ಮಂಡಳಿಗೆ ಇರುವುದು ಒಂದೇ ಧರ್ಮ: ಆ ಭಾಷೆಯಲ್ಲೇ ಹುಟ್ಟಿ ಬೆಳೆದವರ ಬಾಯಿಂದ ಬಂದ ವಾಕ್ಯವನ್ನು ಬಂದ ಹಾಗೇ ಅಚ್ಚು ಹಾಕಬೇಕು, ಒಂದಕ್ಷರ ಮುಟ್ಟಕೂಡದು. ಇವತ್ತು ಹೆಸರು ಬದಲಿಸಿದವನು ನಾಳೆ ಅರ್ಥವನ್ನೂ ಬದಲಿಸುತ್ತಾನೆ. ಹೇಳಿದವರ ಹೆಸರನ್ನೂ ಹೊರಗೆ ಬಿಡುವಂತಿಲ್ಲ.

ರುಮೆನಾಳ ಮದುವೆ ಅಕ್ಟೋಬರಿನಲ್ಲಿ ಎಂದು ಸ್ತಾನಾ ಬರೆದಿದ್ದಳು. ನಿನ್ನ ಮೊಮ್ಮಗಳಿಗೆ ನಿಘಂಟಿನ ಒಂದು ಪ್ರತಿ ಉಡುಗೊರೆ ತರುತ್ತೇನೆ.

ನಿನ್ನ ತಮ್ಮ,
ಕೊಜ್ಮಾ

*

ಗೋರ್ನೊ ಲಿಸ್ಕೋವೊ
೧೮ ಜೂನ್ ೧೯೭೯

ಕೊಜ್ಮಾ,

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತಾರೆ. ನಿನ್ನಲ್ಲಿ ಲೆಕ್ಕ ತಿರುಗುಮುರುಗಾಗಿದೆ. ಯಾರೂ ಕೇಳದ ಮಾತಿಗೆ ನಕ್ಷತ್ರ ಹಾಕಿ ಮರ್ಯಾದೆ ಕಾಪಾಡಿದ್ದೀಯ. ಊರೆಲ್ಲ ಕೇಳುವ ನನ್ನ ಹೆಸರಿಗೆ ನಿನ್ನ ಹತ್ತಿರ ಒಂದೇ ಒಂದು ನಕ್ಷತ್ರ ಮಿಕ್ಕಿರಲಿಲ್ಲವೇ?

ನಿನ್ನ ಪದದ ಮಕ್ಕಳ ಪಟ್ಟಿಯಲ್ಲಿ ಒಬ್ಬಳನ್ನು ಬಿಟ್ಟಿದ್ದೀಯ. ನನ್ನ ಅತ್ತೆ. ಅವಳ ಹೆಸರೇ ಬ್ಲಾಗಾ. ಆವತ್ತು ಬೆಳಿಗ್ಗೆ ಕೋಣೆಗೆ ಬಂದು ನನ್ನ ಒಳಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದವಳು ಅವಳೇ. ಆಮೇಲೆ ಅದನ್ನು ಮಡಿಸಿದಳು. ನೀಟಾಗಿ ಮಡಿಸಿದಳು. ಹೊರಗೆ ವಾದ್ಯದವರು ಕಾಯುತ್ತಿದ್ದರು. ಅವರನ್ನು ಮನೆಗೆ ಕಳಿಸಿದಳು. ನಿನ್ನ ಇರಾನಿನವರ ಪೂಜೆಯ ವಿಧಿ ಅಂದರೆ ಅದೇ ಇರಬೇಕು. ಆ ಮಾತು ನಿನಗೆ ಹೇಳಿದವಳೂ ಅವಳೇ ಎಂದು ನನ್ನ ಅನುಮಾನ. ಹೌದೋ ಅಲ್ಲವೋ ಬರೆ.

ಈಗ ವಿಷಯ ನನ್ನ ಮಾನದ್ದಷ್ಟೇ ಆಗಿ ಉಳಿದಿಲ್ಲ. ರುಮೆನಾಳ ಗಂಡಿನ ಅಜ್ಜಿ ಸೆವ್ದಾ ಎಂಬ ಮುದುಕಿ ಓದುಮನೆಯಲ್ಲಿ ನನ್ನ ಹಿಂದಿನ ಸಾಲಿನಲ್ಲೇ ಕೂತಿದ್ದಳು. ಮೊನ್ನೆ ಮದುವೆ ಮಾತಿಗೆ ಬಂದು ನನ್ನ ಚೀಸ್ ಕಡುಬು ತಿಂದು, ಬಾಯಿ ಒರೆಸಿಕೊಂಡು ಹೇಳಿದಳು: "ಸಿಹಿ ರಾಕಿಯಾ ಶಾಸ್ತ್ರ ಮಾಡೇ ಮಾಡ್ತೀವಿ ಕಣಮ್ಮ. ನಾವು ಬಿಟ್ಟೇ ಬಿಟ್ಟಿದ್ವಿ. ಆದ್ರೆ ಈಗ ಪುಸ್ತಕದಲ್ಲೇ ಬಂದಿದೆಯಲ್ಲ. ನಿಮ್ಮ ಮನೇಲಿ ಒಂದ್ಸಲ ತಪ್ಪಿದೆ ಅಂತಾನೂ ಬಂದಿದೆ. ನೋಡ್ಕೊಂಡ್ರೆ ನಮಗೂ ಸಮಾಧಾನ, ನಿಮಗೂ ಸಮಾಧಾನ."

ರುಮೆನಾ ಅಲ್ಲೇ ಇದ್ದಳು, ಕಾಫಿ ತಟ್ಟೆ ಹಿಡಿದುಕೊಂಡು. ಅವಳು ಬ್ಲಾಗೊಯೆವ್‌ಗ್ರಾದಿನಲ್ಲಿ ದಾದಿಯ ಕೆಲಸ ಕಲಿತವಳು, ದಿನವೂ ಹೆರಿಗೆ ಮಾಡಿಸುವ ಹುಡುಗಿ. ತಟ್ಟೆ ಕೆಳಗಿಟ್ಟು ಒಳಗೆ ಹೋದಳು. ಗಂಡು ಮಾನೊಲ್ ಒಳ್ಳೆಯವನೇ, ಆದರೆ ಅಜ್ಜಿಯ ಮುಂದೆ ನಾಲಿಗೆ ಏಳುವುದಿಲ್ಲ. ಅವಳ ತಾಯಿ ಸ್ತಾನಾ ಅಳುತ್ತಾ ಕೂತಿದ್ದಾಳೆ.

ನನಗಾದದ್ದು ಆ ಹುಡುಗಿಗೆ ಆಗಬಾರದು. ನಾನು ಕೇಳುತ್ತಿರುವುದು ಇಷ್ಟೇ. ಆ ಮನೆಯವರಿಗೆ ನೀನು ಬರೆ. ಪುಸ್ತಕದಲ್ಲಿರುವುದು ಸತ್ತ ಶಾಸ್ತ್ರ, ಅದನ್ನು ಯಾರೂ ಎಬ್ಬಿಸಬೇಡಿ ಎಂದು ಬರೆ. ಒಂದು ಸಲವಾದರೂ ತಮ್ಮನಾಗು.

ಲೋಜಾನ

*

ಸೋಫಿಯಾ
೩೦ ಜುಲೈ ೧೯೭೯

ಪ್ರೀತಿಯ ಅಕ್ಕಾ,

ತಡವಾಯಿತು, ಕ್ಷಮಿಸು. ಮಿನ್ಸ್ಕ್‌ನಲ್ಲಿ ವಿದ್ವಾಂಸರ ಸಭೆಯಿತ್ತು, ಅಲ್ಲಿ ನಮ್ಮ ಬೊಲ್ಗು ಬಗ್ಗೆಯೇ ಮಾತಾಡಿದೆ. ಅಲ್ಲಿನ ಸ್ವಾರಸ್ಯ ಕೇಳು. ಬೆಲಾರೂಸಿನಲ್ಲಿ ಇದೇ ಪದ 'ಬ್ಲಾಗಿ' ಆಗಿದೆ, ಅರ್ಥ ಏನು ಗೊತ್ತೇ? ಕೆಟ್ಟದ್ದು! ಆ ಊರಿನ ಒಬ್ಬ ಹೆಂಗಸು ಮೋಡ ನೋಡಿ, ಹವಾ ಬ್ಲಾಗಿ ಎಂದಳು, ನನ್ನ ಮೈ ಜುಮ್ಮೆಂದಿತು. ಕೆಡುಕಿಗೆ ಹೆದರಿ ಜನ ಅದನ್ನು ಒಳ್ಳೆಯದು ಎಂದು ಕರೆಯುತ್ತ ಬಂದರು, ಕೊನೆಗೆ ಕೆಡುಕೇ ಆ ಹೆಸರಿನಲ್ಲಿ ಮನೆ ಮಾಡಿತು ಎಂದು ನಮ್ಮಲ್ಲಿ ಕೆಲವರ ವಾದ.

ನೀನು ಹೇಳಿದ ಕೆಲಸ ಮಾಡಿದ್ದೇನೆ. ಸೆವ್ದಾ ಅಜ್ಜಿಗೆ ನಾನೇ ಬರೆದೆ. ಸತ್ತ ಶಾಸ್ತ್ರ ಎಂದು ಬರೆಯಲು ಮನಸ್ಸು ಒಪ್ಪಲಿಲ್ಲ, ಅದು ನಿಜವಲ್ಲವಲ್ಲ, ಈಚೆಗೂ ನಡೆದ ವರದಿಗಳಿವೆ. ಬದಲಿಗೆ ಆ ಪದದ ಸಾವಿರ ವರ್ಷಗಳ ಕಥೆಯನ್ನು ಸರಳವಾಗಿ ಬರೆದು, ಆ ಪುಟಗಳ ಬಿಡಿ ಪ್ರತಿಯನ್ನು ಸಹಿ ಹಾಕಿ ಕಳಿಸಿದೆ. ತಿಳಿದವರು ಹಟ ಬಿಡುತ್ತಾರೆ. ಇನ್ನು ನೀನು ನೆಮ್ಮದಿಯಾಗಿರು.

ಕೊಜ್ಮಾ

*

ಗೋರ್ನೊ ಲಿಸ್ಕೋವೊ
೭ ಆಗಸ್ಟ್ ೧೯೭೯

ಉರಿಯುವ ಬೆಂಕಿಗೆ ತುಪ್ಪ ಸುರಿಯುವುದು ಎಂದರೆ ಇದು.

ನಿನ್ನ ಆ ಪುಟಗಳಿಗೆ ಸೆವ್ದಜ್ಜಿ ಗಾಜು ಕಟ್ಟಿಸಿದ್ದಾಳೆ. ದೇವರ ಪಟದ ಪಕ್ಕದಲ್ಲಿ ನೇತುಹಾಕಿದ್ದಾಳೆ. ಬಂದವರಿಗೆಲ್ಲ, "ಹೆಣ್ಣಿನ ಕಡೆ ಪ್ರೊಫೆಸರ್ರೇ ಸೋಫಿಯಾದಿಂದ ಕಳಿಸಿದ್ದಾರೆ, ಸಾವಿರ ವರ್ಷದ ಆಚಾರವಂತೆ, ಬಿಡೋಕಾಗತ್ತಾ?" ಎನ್ನುತ್ತಾಳೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದೆಯಲ್ಲೋ! ನಾನು ನೀರು ಕೇಳಿದೆ, ನೀನು ಬಿಂದಿಗೆಯ ಮೇಲೆ ಕೆತ್ತಿದ ಚಿತ್ತಾರದ ಬಗ್ಗೆ ಪಾಠ ಮಾಡಿದೆ.

ಬೆಲಾರೂಸಿನವರೇ ವಾಸಿ. ಕೆಟ್ಟದ್ದನ್ನು ಕೆಟ್ಟದ್ದು ಎನ್ನುವಷ್ಟು ದೂರವಾದರೂ ಬಂದಿದ್ದಾರೆ.

ಆ ಮಾತು ಹೇಳಿದವರು ಯಾರು? ಮೂರನೇ ಸಲ ಕೇಳುತ್ತಿದ್ದೇನೆ.

ಲೋಜಾನ

*

ಸೋಫಿಯಾ
೨೦ ಆಗಸ್ಟ್ ೧೯೭೯

ಅಕ್ಕಾ,

ನನ್ನಿಂದ ತಪ್ಪಾಗಿದೆ, ಒಪ್ಪುತ್ತೇನೆ. ಸರಿ ಮಾಡಲು ಒಂದು ದಾರಿ ಹುಡುಕಿದ್ದೇನೆ.

ಎರಡು ವರ್ಷಕ್ಕೆ ನಿಘಂಟಿನ ಪುರವಣಿ ಬರುತ್ತದೆ, ಅದರಲ್ಲಿ ಹೊಸ ಪುರಾವೆ ಸೇರಿಸಬಹುದು. ಆವತ್ತು ನಿಜವಾಗಿ ಏನಾಯಿತು ಎಂದು ನೀನು ನನಗೆ ಹೇಳು. ಭಾವ ಕುಡಿದು ಮಲಗಿದ್ದರೇ? ನಿನ್ನ ಅತ್ತೆಗೆ ಯಾವುದಾದರೂ ದ್ವೇಷವಿತ್ತೇ? ನೀನು ನಿರಪರಾಧಿ ಎಂದು ನನಗೆ ಯಾವತ್ತೂ ಗೊತ್ತು. ನೀನು ಒಂದು ವಾಕ್ಯ ಹೇಳಿದರೆ ಸಾಕು, 'ಆ ಘಟನೆಯಲ್ಲಿ ಶಾಸ್ತ್ರ ತಪ್ಪಿದ್ದು ಬೇರೆ ಕಾರಣಕ್ಕೆ' ಎಂದು ಟಿಪ್ಪಣಿ ಹಾಕುತ್ತೇನೆ. ಅದನ್ನು ಈಗಲೇ ಬರೆದು ಸಹಿ ಹಾಕಿ ಗಂಡಿನ ಮನೆಗೂ ತೋರಿಸಬಹುದು. ನಿನ್ನ ಹೆಸರು ಶುದ್ಧವಾಗುತ್ತದೆ.

ಭಾವ ಹೋಗಿ ಎರಡು ವರ್ಷವಾಯಿತು. ಇನ್ನು ಯಾರ ಮಾನ ಕಾಯಬೇಕು?

ಕೊಜ್ಮಾ

*

ಗೋರ್ನೊ ಲಿಸ್ಕೋವೊ
೧ ಸೆಪ್ಟೆಂಬರ್ ೧೯೭೯

ಕೊಜ್ಮಾ,

ನಿನ್ನ ಕಾಗದ ಓದುವಾಗ ತಂಬಾಕಿನ ಎಲೆ ಪೋಣಿಸುವ ಸೂಜಿ ಬೆರಳಿಗೆ ಚುಚ್ಚಿಕೊಂಡೆ. ಹಿಂದಿನ ಯಾವ ಕಾಗದಕ್ಕೂ ನನಗೆ ಇಷ್ಟು ಸಿಟ್ಟು ಬಂದಿರಲಿಲ್ಲ.

ನಾನು ನಿರಪರಾಧಿ ಎಂದು ಅಚ್ಚು ಹಾಕಲು ನೀನ್ಯಾರು? ಹಾಗಾದರೆ ಇನ್ಯಾರೋ ಅಪರಾಧಿ ಇರಬೇಕಲ್ಲ? ನನ್ನ ಅತ್ತೆ ಒಳಂಗಿಯನ್ನು ಬೆಳಕಿಗೆ ಹಿಡಿದಳು, ನೀನು ಈಗ ನನ್ನನ್ನು ಬೆಳಕಿಗೆ ಹಿಡಿಯುತ್ತಿದ್ದೀಯ. ಅವಳಿಗೆ ಓದು ಬರುತ್ತಿರಲಿಲ್ಲ, ಅದೊಂದೇ ವ್ಯತ್ಯಾಸ.

ಅವತ್ತು ಏನಾಯಿತು, ಏನಾಗಲಿಲ್ಲ, ಅದಕ್ಕೂ ಮುಂಚೆ ಏನಾಗಿತ್ತು, ನಾನು ಹೇಳುವುದಿಲ್ಲ. ಅತನಾಸನಿಗೂ ಎಂದೂ ಹೇಳಲಿಲ್ಲ, ಅವನೂ ಎಂದೂ ನನಗೆ ಹೇಳಲಿಲ್ಲ, ಮೂವತ್ತೊಂಬತ್ತು ವರ್ಷ ಸಂಸಾರ ಮಾಡಿದೆವು. ಸ್ತಾನಾಗೂ ಹೇಳುವುದಿಲ್ಲ. ನನ್ನ ಜೊತೆ ಮಣ್ಣಿಗೆ ಹೋಗುತ್ತದೆ. ಅಲ್ಲಿ ಯಾವ ನಿಘಂಟಿನವನೂ ಬರುವುದಿಲ್ಲ.

ಅಮ್ಮ ಕೂಡ ಕೇಳಲಿಲ್ಲ, ಗೊತ್ತೇ ನಿನಗೆ? ನೀನು ಆಗ ಹತ್ತು ವರ್ಷದವನು, ಅಂಗಳದಲ್ಲಿ ಆಡುತ್ತಿದ್ದೆ. ಮದುವೆಯಾಗಿ ಒಂದು ತಿಂಗಳ ಮೇಲೆ ನಾನು ತವರಿಗೆ ಬಂದೆ. ಬಾವಿಯ ಹತ್ತಿರ ಹೆಂಗಸರು ಮಾತು ನಿಲ್ಲಿಸಿದರು. ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಏನೂ ಕೇಳಲಿಲ್ಲ. ಬಿಸಿ ರೊಟ್ಟಿಗೆ ಜೇನು ಸವರಿ ಕೊಟ್ಟಳು. ನಾನು ಅಳುತ್ತ ತಿಂದೆ, ಅವಳು ನನ್ನ ಜಡೆ ಬಿಚ್ಚಿ ಮತ್ತೆ ಹಾಕಿದಳು. ಆಮೇಲೂ, ಸಾಯುವ ತನಕ, ಅವಳ ಬಾಯಲ್ಲಿ ಆ ಮಾತು ಬರಲಿಲ್ಲ. ಓದು ಬರದ ನಮ್ಮ ಅಮ್ಮನಿಗೆ ಗೊತ್ತಿದ್ದದ್ದು ನಿನಗೆ ಗೊತ್ತಾಗಲಿಲ್ಲ.

ಯಾರು ಹೇಳಿದರು ಎಂದು ಈಗಲಾದರೂ ಬರೆ. ಹೆಸರು ಹೊರಗೆ ಬಿಡುವಂತಿಲ್ಲ ಎಂಬ ನಿನ್ನ ಧರ್ಮ ನಿನ್ನ ಹತ್ತಿರವೇ ಇರಲಿ. ನನ್ನ ಹೆಸರನ್ನು ಹೊರಗೆ ಬಿಟ್ಟೆಯಲ್ಲ.

ಲೋಜಾನ

*

ಸೋಫಿಯಾ
೧೬ ಸೆಪ್ಟೆಂಬರ್ ೧೯೭೯

ಅಕ್ಕಾ,

ಅಮ್ಮ.

ನಿನ್ನ ಕಾಗದ ಬರುವ ತನಕ ಇದನ್ನು ಹೇಳದೆಯೇ ಮುಗಿಸಬಹುದು ಎಂದುಕೊಂಡಿದ್ದೆ. ಇನ್ನು ಆಗುವುದಿಲ್ಲ.

ಐವತ್ತಾರರ ಚಳಿಗಾಲ, ನಾನು ಪದ ಸಂಗ್ರಹಿಸಲು ಊರಿಗೆ ಬಂದಿದ್ದೆ. ಅಮ್ಮ ಒಲೆ ಮುಂದೆ ಹುರುಳಿ ಆರಿಸುತ್ತಿದ್ದಳು. "ಬ್ಲಾಗ್ ಅಂತ ಬರೋ ಹಾಗೆ ಏನಾದ್ರೂ ಒಂದು ಮಾತು ಹೇಳಮ್ಮ" ಎಂದೆ. "ಜೇನು ಬ್ಲಾಗ್" ಎಂದಳು. ಅದು ಎಲ್ಲರೂ ಹೇಳುತ್ತಾರೆ, ಬೇರೆ ಹೇಳು ಎಂದೆ. ಕೈಯಲ್ಲಿದ್ದ ಹುರುಳಿಯನ್ನು ಮೊರಕ್ಕೆ ಹಾಕಿದಳು. ಆಮೇಲೆ ಆ ಮಾತು ಹೇಳಿದಳು. ನನಗೆ ಬೇಕಾಗಿದ್ದ ಪ್ರಯೋಗ ಅದೇ ಆಗಿತ್ತು, ತಲೆ ಬಗ್ಗಿಸಿ ಬರೆದುಕೊಂಡೆ. "ಮೂರು ದಿನ ಒಲೆ ಆರಿಸಲಿಲ್ಲ ಕಣೋ, ಯಾರಾದ್ರೂ ತಂದಾರು ಅಂತ" ಎಂದೂ ಹೇಳಿದಳು. ಅದರಲ್ಲಿ ಬ್ಲಾಗ್ ಪದ ಇರಲಿಲ್ಲ, ಅದನ್ನು ಬರೆದುಕೊಳ್ಳಲಿಲ್ಲ.

ಅಮ್ಮ ಅಳುತ್ತಿದ್ದಳೇ ಎಂದು ನೀನು ಕೇಳಬಹುದು. ಗೊತ್ತಿಲ್ಲ. ನಾನು ಬರೆಯುತ್ತಿದ್ದೆ.

ಕೊಜ್ಮಾ

*

ಗೋರ್ನೊ ಲಿಸ್ಕೋವೊ
೨೨ ಅಕ್ಟೋಬರ್ ೧೯೭೯

ಕೊಜ್ಮಾ,

ನಿನ್ನ ಹಿಂದಿನ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಮದುವೆಗೆ ನೀನು ಬಂದಾಗಲೂ ಮಾತಾಡಲಿಲ್ಲ. ನೀನು ಸಂಜೆಯ ಬಸ್ಸಿಗೇ ಹೊರಟುಹೋದೆ. ಆದ್ದರಿಂದ ನೀನು ಕಂಡದ್ದನ್ನೂ ಕಾಣದ್ದನ್ನೂ ಬರೆಯುತ್ತೇನೆ.

ನಾನು ಶನಿವಾರ ಬೆಳಕು ಹರಿಯುತ್ತಲೇ ಪ್ಲಮ್ ಪಾಕ ಕಾಯಿಸುವ ತಾಮ್ರದ ಹಂಡೆಯನ್ನು ಅಂಗಳಕ್ಕೆ ಎಳೆದೆ. ನನ್ನ ಮನೆಯ ರಾಕಿಯಾ ಅಷ್ಟನ್ನೂ ಸುರಿದೆ. ಜೇನನ್ನು ಕೆಂಪಗೆ ಕಾಯಿಸಿ ಹಾಕಿದೆ. ಸ್ತಾನಾ, "ಅಮ್ಮಾ, ಇದು ಮದುವೆ ಆದ್ಮೇಲೆ ಅವ್ರು ಕಳಿಸೋದಲ್ವಾ? ನಿಂಗೇನು ತಲೆ ಕೆಟ್ಟಿದ್ಯಾ?" ಎಂದಳು. ಹೌದು ಎಂದೆ. ವಾಸನೆಗೇ ಅರ್ಧ ಊರು ಬೇಲಿಯ ಹತ್ತಿರ ಬಂತು.

ಹೆಣ್ಣು ಕರೆಯಲು ಗಂಡಿನವರು ಬಂದರು, ಡೋಲಿನವರು ಮುಂದೆ, ಸೆವ್ದಜ್ಜಿ ಹಿಂದೆ. ಮುದುಕಿ ಹಂಡೆ ನೋಡಿದಳು.

"ಏನೇ ಇದು? ಇನ್ನೂ ಮದುವೆ-ಗಿದುವೆ ಯಾವ್ದೂ ಆಗಿಲ್ಲ, ರಾತ್ರಿನೂ ಕಳ್ದಿಲ್ಲ, ಈಗ್ಲೇ ಸಿಹಿ ರಾಕಿಯಾನಾ?"

"ನಂಗೆ ನಲವತ್ತೊಂದು ವರ್ಷ ತಡ ಆಗಿದೆ ಅಜ್ಜಿ. ಇನ್ನು ಕಾಯಕ್ಕಾಗಲ್ಲ. ಕುಡೀರಿ."

"ಇದು ನಾವು ಕಳಿಸ್ಬೇಕಾದ್ದು!"

"ಕಳಿಸ್ಲಿಲ್ಲವಲ್ಲ. ನೀವು ಇನ್ನೆಷ್ಟು ನೋಡಿ ಇನ್ನೆಷ್ಟು ಮಡಿಸಿಡ್ತೀರೋ, ನಾವೇ ಕಾಯಿಸಿದ್ವಿ."

ಡೋಲು ನಿಂತಿತು. ಊರೆಲ್ಲ ನನ್ನನ್ನೇ ನೋಡುತ್ತಿತ್ತು, ಓದುಮನೆಯಲ್ಲಿ ನೋಡಿದ ಹಾಗೆಯೇ. ಈ ಸಲ ನಾನು ತಲೆ ತಗ್ಗಿಸಲಿಲ್ಲ. ಆಗ ರುಮೆನಾ ಮದುವೆಯ ಬಟ್ಟೆಯಲ್ಲೇ ಬಂದು ಮೊದಲ ಬಟ್ಟಲು ತುಂಬಿ ಮುದುಕಿಯ ಮುಂದೆ ಹಿಡಿದಳು. "ಅಜ್ಜಿ, ನೀವು ಇದನ್ನ ಕುಡಿದ್ರೆ ನಿಮ್ಮ ಮನೆ ಹೊಸ್ತಿಲು ದಾಟ್ತೀನಿ. ಇಲ್ದಿದ್ರೆ ಸೋಮವಾರ ಆಸ್ಪತ್ರೆ ಕೆಲಸಕ್ಕೆ ಹೋಗ್ತೀನಿ. ಎರಡರಲ್ಲಿ ಯಾವ್ದಾದ್ರೂ ನಂಗೆ ಸರಿ" ಎಂದಳು.

ಮಾನೊಲನಿಗೆ ಕೊನೆಗೂ ನಾಲಿಗೆ ಎದ್ದಿತು. ಅಜ್ಜಿಯ ಪಾಲಿನ ಬಟ್ಟಲನ್ನು ತಾನೇ ಕಸಿದು ಗಟಗಟ ಕುಡಿದು, ಗಂಟಲು ಸುಟ್ಟುಕೊಂಡು ಕೆಮ್ಮಿ, "ಸಿಹಿ ಇದೆ ಅಜ್ಜಿ, ನೀನೂ ಕುಡಿ" ಎಂದ. ಡೋಲಿನವರು ಕೇಳದೆಯೇ ಬಂದು ತಮ್ಮ ಬಟ್ಟಲು ಒಡ್ಡಿದರು. ಎಲ್ಲರ ಮುಂದೆ ಮುದುಕಿ ಇನ್ನೇನು ಮಾಡುತ್ತಾಳೆ? ಕುಡಿದಳು. ಎರಡನೇ ಬಟ್ಟಲನ್ನೂ ಕುಡಿದಳು. ಭಾನುವಾರ ಯಾರೂ ಯಾವ ಬಟ್ಟೆಯನ್ನೂ ಬೆಳಕಿಗೆ ಹಿಡಿಯಲಿಲ್ಲ. ಕಳಿಸುವುದಕ್ಕೆ ಇನ್ನೇನೂ ಮಿಕ್ಕಿರಲಿಲ್ಲ, ಊರೇ ಕುಡಿದು ಮುಗಿಸಿತ್ತು.

ಒಂದು ಬಟ್ಟಲನ್ನು ಅಮ್ಮನ ಸಮಾಧಿಗೆ ತೆಗೆದುಕೊಂಡು ಹೋಗಿ ಸುರಿದೆ. ಬಿಸಿಯಾಗಿಯೇ.

ಆ ಅಂಗಳದಲ್ಲಿ ನೀನೂ ಸಾಲಿನಲ್ಲಿ ನಿಂತಿದ್ದೆ, ಹ್ಯಾಟು ಕೈಯಲ್ಲಿ ಹಿಡಿದು. ನಾನು ಹೂಜಿ ಹಿಡಿದು ಬಂದಾಗ ನೀನು ಬಟ್ಟಲು ಚಾಚಿದೆ. ನಾನು ನಿನ್ನನ್ನು ದಾಟಿ ದಿಮ್ಕೊಗೆ ಸುರಿದೆ. ಎಲ್ಲರೂ ನೋಡಿದರು. ನೀನು ಖಾಲಿ ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಹೋದೆ.

ಈಗ ನಿನ್ನ ಧರ್ಮದ ವಿಷಯಕ್ಕೆ ಬರೋಣ. ಆ ಭಾಷೆಯಲ್ಲೇ ಹುಟ್ಟಿ ಬೆಳೆದವರ ಬಾಯಿಂದ ಬಂದ ವಾಕ್ಯವನ್ನು ಒಂದಕ್ಷರ ಮುಟ್ಟದೆ ಅಚ್ಚು ಹಾಕಬೇಕು, ಅಲ್ಲವೇ? ನಾನು ಇಲ್ಲೇ ಹುಟ್ಟಿದವಳು, ಇಲ್ಲೇ ಬೆಳೆದವಳು, ಇದೇ ಮಾತು ಆಡುವವಳು. ನಿನ್ನ ಪುರವಣಿಗೆ ಇದೋ ಹೊಸ ಪುರಾವೆ. ಬರೆದುಕೋ. ಈ ಸಲ ತಲೆ ಎತ್ತಿಕೊಂಡು ಬರೆದುಕೋ:

"ರುಮೆನಾ ಮದುವೇಲಿ ಊರಿಗೆಲ್ಲ ಸಿಹಿ ರಾಕಿಯಾ ಕೊಟ್ವಿ, ಕೊಜ್ಮಂಗೆ ಕೊಡ್ಲಿಲ್ಲ."

ನನ್ನ ಹೆಸರನ್ನು ಮುಚ್ಚಿಡಬೇಡ. ಹೇಳಿದವಳು ಲೋಜಾನ ಎಂದೇ ಹಾಕು.

ಲೋಜಾನ

*

ಸೋಫಿಯಾ
೩ ಮೇ ೧೯೮೧

ಅಕ್ಕಾ,

ಒಂದೂವರೆ ವರ್ಷದಿಂದ ನಿನಗೆ ಬರೆಯಲಿಲ್ಲ. ಕೈಯಲ್ಲಿ ಏನಾದರೂ ಇಟ್ಟುಕೊಂಡು ಬರೆಯೋಣ ಎಂದು ಕಾದೆ.

ಪುರವಣಿ ಅಚ್ಚಾಗಿದೆ. ಇದರ ಜೊತೆ ಕಳಿಸಿದ್ದೇನೆ. ಬ್ಲಾಗ್ ಪದದ ಕೆಳಗೆ ನಿನ್ನ ವಾಕ್ಯವಿದೆ, ಊರು, ವರ್ಷ, ನಿನ್ನ ಹೆಸರು ಸಮೇತ. ಸಂಪಾದಕ ಮಂಡಳಿಯಲ್ಲಿ ಗಲಾಟೆಯಾಯಿತು. "ಹೇಳಿದವರ ಹೆಸರು ಹಾಕೋ ಪದ್ಧತಿ ಇಲ್ವಲ್ರೀ" ಎಂದರು. ಅವರೇ ಹಾಕಿ ಎಂದಿದ್ದಾರೆ ಎಂದೆ. "ಪ್ರೊಫೆಸರ್ರೇ, ಇನ್ನೊಂದು ಹೆಸರು ನಿಮ್ಮದೇ ಅಲ್ವಾ? ಸುಮ್ನೆ ಯಾಕೆ, ಅದೊಂದನ್ನ ತೆಗೆದುಬಿಡೋಣ" ಎಂದರು. ಒಂದಕ್ಷರ ಮುಟ್ಟಕೂಡದು ಎಂದೆ. ಇನ್ನು ಅಮ್ಮ ಹೇಳಿದ ಆ ಸಾಲು. ಅದನ್ನು ಮುಂದಿನ ಮುದ್ರಣದಲ್ಲಿ ತೆಗೆಯುತ್ತಾರೆ. ಹಾಗೆ ಮಾಡಲು ನಿಯಮ ಮುರಿಯಬೇಕಾಯಿತು, ಮುರಿದೆ.

ಈ ಸಲದ ಅಕ್ಷರದ ಹಬ್ಬಕ್ಕೆ ಊರಿಗೆ ಬರುತ್ತೇನೆ. ಪುರವಣಿಯ ಆ ಪುಟವನ್ನು ಗಟ್ಟಿಯಾಗಿ ಓದಬೇಕೆಂದು ದಿಮ್ಕೊಗೆ ಬರೆದಿದ್ದೇನೆ, ಕೊನೆಯ ಸಾಲಿನ ತನಕ. ಅವನು ಹಿಂಜರಿದರೆ ನೀನು ಬಿಡಬೇಡ.

ಅವತ್ತು ನಿನಗೆ ಕೊಟ್ಟಿದ್ದ ಮುಂದಿನ ಸಾಲಿನ ಆ ಕುರ್ಚಿಯನ್ನು ನನಗೆ ಇಡಲು ಹೇಳು.

ಕೊಜ್ಮಾ